ಕರಿಮಡುವಿನ ಹೊಳೆವ್ವನ ಗಡ್ಡ

ಯಾವ ಕಾಲ ಎಂದು ಕೇಳಬೇಡಿ. ಹೇಳುವವರಿಗೂ ಗೊತ್ತಿಲ್ಲ. ಹೊಳೆಗೆ ಸೇತುವೆ ಇರಲಿಲ್ಲ, ಅಷ್ಟು ಹಿಂದಿನ ಮಾತು. ಕರಿಮಡು ಅನ್ನುವ ಊರಿತ್ತು, ಈಗಲೂ ಇದೆ. ಆ ಊರಲ್ಲಿ ಹೊಳೆವ್ವ ಅನ್ನುವ ಅಂಬಿಗರ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹರಿಗೋಲಿಗೆ ಅವಳೇ ಹುಟ್ಟು ಹಾಕುತ್ತಿದ್ದಳು. ಸಂತೆಗೆ ಹೋಗುವವರು, ಬೀಗರ ಊರಿಗೆ ಹೋಗುವವರು, ಮೇಕೆ, ಜೋಳದ ಚೀಲ, ಎಲ್ಲವನ್ನೂ ದಾಟಿಸುತ್ತಿದ್ದಳು.

ಹೊಳೆ ತುಂಬಿ ಬಂದಾಗ ಒಂದು ಮದುವೆಯ ದಿಬ್ಬಣವನ್ನು ಒಂದೇ ಕೈಯಲ್ಲಿ ದಾಟಿಸಿದಳಂತೆ. ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಇತ್ತಂತೆ. ಮೊಸಳೆಯನ್ನು ಬೈದು ಓಡಿಸಿದಳಂತೆ. ಬೈದಿರಬಹುದು. ಮೊಸಳೆ ಓಡಿದ್ದನ್ನು ನೋಡಿದವರು ಯಾರೂ ಇಲ್ಲ.

ಇಷ್ಟೆಲ್ಲ ಮಾಡಿದವಳಿಗೂ ವಯಸ್ಸಾಯಿತು. ಊರು ಬೆಚ್ಚಿಬಿದ್ದಿತು. ಕರಿಮಡುವಿನಲ್ಲಿ ಗಂಡಸಿಗೆ ವಯಸ್ಸಾದರೆ ಹಿರಿಯನಾದ ಅನ್ನುತ್ತಿದ್ದರು. ಹೆಂಗಸಿಗೆ ವಯಸ್ಸಾದರೆ, ಎಲ್ಲೋ ಬಿದ್ದು ಗಾಯ ಮಾಡಿಕೊಂಡು ಬಂದವಳನ್ನು ಕೇಳುವ ಹಾಗೆ, ಏನಾಯಿತವ್ವಾ ನಿನಗೆ ಎಂದು ಕೇಳುತ್ತಿದ್ದರು.

ಮೊದಲು ಅವಳು ಮಾಯವಾದಳು ಅನ್ನುತ್ತಾರೆ. ಹೊಳೆಯ ದೇವಿ ಅವಳಿಗೆ ಕಣ್ಣಿಗೆ ಕಾಣದಿರುವ ವರ ಕೊಟ್ಟಿದ್ದಳಂತೆ. ವರವೂ ಇಲ್ಲ, ಏನೂ ಇಲ್ಲ. ಐವತ್ತರ ಹತ್ತಿರ ಬಂದ ಹೆಂಗಸನ್ನು ಯಾರೂ ನೋಡುವುದಿಲ್ಲ, ಅಷ್ಟೆ. ಹಿಂದೆ ಅವಳು ಹುಟ್ಟು ಹಿಡಿದರೆ ಮೀಸೆ ತಿರುವುತ್ತಿದ್ದ ಗಂಡಸರು ಈಗ ಅವಳೆದುರಿಗೇ ಬೆನ್ನು ತುರಿಸಿಕೊಂಡು, ಮನೆಯ ಜಗಳಗಳನ್ನೆಲ್ಲ ಮಾತಾಡಿಕೊಳ್ಳುತ್ತಿದ್ದರು. ಹರಿಗೋಲು ತಾನೇ ನಡೆಯುತ್ತಿದೆ ಎಂದುಕೊಂಡಿದ್ದರೋ ಏನೋ.

ಆಮೇಲೆ ಅವಳಿಗೆ ಬೆಂಕಿ ಬಂತು ಅನ್ನುತ್ತಾರೆ. ಪುಷ್ಯದ ಚಳಿಯಲ್ಲಿ ಊರೆಲ್ಲ ಕಂಬಳಿ ಹೊದ್ದು ನಡುಗುವಾಗ ಅವಳು ಸೆರಗು ಬೀಸಿಕೊಳ್ಳುತ್ತ, ಬೆವರು ಒರೆಸಿಕೊಳ್ಳುತ್ತ ಬಂದು ಹೊಳೆಗೆ ಇಳಿಯುತ್ತಿದ್ದಳಂತೆ. ಇಳಿದ ಕಡೆ ನೀರಿನಿಂದ ಹಬೆ ಏಳುತ್ತಿತ್ತಂತೆ. ಪುಷ್ಯದ ಮುಂಜಾನೆ ಹೊಳೆಯ ಮೇಲೆ ಹಬೆ ಹೇಗೂ ಇರುತ್ತದೆ. ಆದರೆ ಬೆವರಿದ್ದು ನಿಜವಿರಬೇಕು.

ಕೊನೆಗೆ ಗದ್ದದಲ್ಲಿ ಕೂದಲು ಬಂತು. ಆ ಕೂದಲಿಗೆ ಹರಿಗೋಲು ಕಟ್ಟಿ ನಿಲ್ಲಿಸುತ್ತಿದ್ದಳು ಎಂದು ಹೇಳುವವರಿದ್ದಾರೆ. ಸುಳ್ಳು. ಇದ್ದದ್ದು ಮೂರು ಕೂದಲು. ಬೆಳಿಗ್ಗೆ ಎದ್ದು ಗದ್ದ ಸವರಿಕೊಂಡವಳು ಮುಳ್ಳು ಚುಚ್ಚಿತು ಎಂದುಕೊಂಡಳಂತೆ. ನೀರಿನಲ್ಲಿ ಮುಖ ನೋಡಿಕೊಂಡು, ಹುಟ್ಟು ಕೈಬಿಟ್ಟಳಂತೆ. ಮೊಸಳೆಗೆ ಹೆದರದವಳು ಅಂದು ಹೆದರಿದಳು. ಯಾರಿಗೂ ಹೇಳಲಿಲ್ಲ. ಮುಳ್ಳು ಕೀಳುವ ಚಿಮಟ ಇತ್ತು. ಅದರಿಂದ ಕಿತ್ತಳು. ಬಂದ ಹಾಗೆಲ್ಲ ಕಿತ್ತಳು.

ಈಗ ಕರಿಮಡುವಿನ ಕಟ್ಟೆಯ ಕಥೆ ಹೇಳಬೇಕು. ಊರ ನ್ಯಾಯವೆಲ್ಲ ಬೇವಿನ ಮರದ ಕಟ್ಟೆಯ ಮೇಲೆ. ಕಟ್ಟೆ ಹತ್ತಿದವರು ಮಾತಾಡಬಹುದು, ಉಳಿದವರು ಕೆಳಗೆ ನಿಂತು ಕೇಳಬೇಕು. ಹತ್ತುವುದಕ್ಕೆ ಒಂದೇ ಕಟ್ಟಳೆ: ಗಡ್ಡ ಬಂದಿರಬೇಕು. ಹುಡುಗ ಪ್ರಾಯಕ್ಕೆ ಬಂದಾಗ ಎಲ್ಲರೆದುರು ಒಂದು ಬಟ್ಟಲು ಮಜ್ಜಿಗೆ ಕುಡಿಯಬೇಕು, ಬಾಯಿ ಒರೆಸಿಕೊಳ್ಳುವ ಹಾಗಿಲ್ಲ. ಗದ್ದದ ಕೂದಲಿಗೆ ಮಜ್ಜಿಗೆಯ ಹನಿ ನೇತಾಡಿದರೆ ಊರ ಕ್ಷೌರದ ರಾಚಪ್ಪ ‘ನಿಂತಿತು’ ಅನ್ನಬೇಕು. ಅಂದರೆ ಆಯಿತು. ಹತ್ತಿದವನನ್ನು ಮತ್ತೆ ಇಳಿಸುವ ಪದ್ಧತಿ ಇರಲಿಲ್ಲ. ಗಂಡಸರು ಮಾತ್ರ ಹತ್ತಬೇಕು ಎಂದು ಹಿರಿಯರು ಹೇಳಿರಲಿಲ್ಲ. ಅದನ್ನು ಹೇಳಬೇಕಾದೀತು ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಒಂದು ದಿನ ರಾಚಪ್ಪ ಹೊಳೆ ದಾಟುವಾಗ ಸುದ್ದಿ ತಂದ.

“ಹೊಳೆವ್ವಕ್ಕ, ಅಮಾಸಿ ದಿನ ನಿನ್ನ ಹರಿಗೋಲು ಗದಿಗೆಪ್ಪಗ ಕೊಡ್ತಾರಂತ.”

ಗದಿಗೆಪ್ಪ ಅಂದರೆ ಊರ ಗೌಡನ ಹೆಂಡತಿಯ ಅಣ್ಣ. ನೀರು ಕಂಡರೆ ಪಂಚೆ ಎತ್ತಿಕೊಳ್ಳುವ ಆಸಾಮಿ.

“ಯಾಕ? ನಾ ಯಾರನ್ನ ಮುಳುಗಿಸೀನಿ?”

“ಯಾರನ್ನೂ ಇಲ್ಲ. ನಿನಗ ವಯಸ್ಸಾತಂತ.”

“ಗದಿಗೆಪ್ಪ ನನಗಿಂತ ದೊಡ್ಡಾಂವ ಅದಾನಲ್ಲೋ.”

“ಅಂವಗ ಅನುಭವ ಆಗೇತಿ ಅಂತಾರ.”

ಹೊಳೆವ್ವ ದಂಡೆ ಮುಟ್ಟುವವರೆಗೆ ಜೋರಾಗಿ ಹುಟ್ಟು ಹಾಕಿದಳು. ಹರಿಗೋಲು ಹೋದರೆ ಅವಳಿಗೆ ಉಳಿಯುವುದು ತಮ್ಮನ ಮನೆಯ ಹಿತ್ತಲ ಮೂಲೆ. ಅಲ್ಲಿ ಕೂತು ಕೂಸು ಆಡಿಸಬೇಕು. ಕೂಸುಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಹೊಳೆ ಬಿಟ್ಟು ಬೇರೆ ಎಲ್ಲಿಯೂ ಅವಳಿಗೆ ಉಸಿರಾಡಿ ಗೊತ್ತಿರಲಿಲ್ಲ.

ಅಂದಿನಿಂದ ಅವಳು ಗದ್ದಕ್ಕೆ ಚಿಮಟ ಮುಟ್ಟಿಸಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕಟ್ಟೆ ತುಂಬಿತ್ತು. ಹೊಳೆವ್ವ ಕಟ್ಟೆಯ ಮುಂದೆ ಬಂದು ನಿಂತು ತಲೆಯ ಮೇಲಿನ ಸೆರಗು ತೆಗೆದಳು. ಮಜ್ಜಿಗೆ ತರಿಸಿರಿ ಅಂದಳು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡು ಯಾರೋ ಪುಣ್ಯಾತ್ಮರು ತಂದುಕೊಟ್ಟರು. ಅವಳು ಕುಡಿದಳು. ಬಾಯಿ ಒರೆಸಿಕೊಳ್ಳಲಿಲ್ಲ. ಗದ್ದ ಎತ್ತಿ ರಾಚಪ್ಪನ ಕಡೆಗೆ ತಿರುಗಿದಳು.

ಹನಿ ನೇತಾಡುತ್ತಿತ್ತು. ಬಿಳಿ ಹನಿ, ಕಪ್ಪು ಕೂದಲು. ಕಾಗೆಗಳೂ ಕೂಗುವುದನ್ನು ನಿಲ್ಲಿಸಿದವು ಅನ್ನುತ್ತಾರೆ. ಕಾಗೆಗಳ ವಿಷಯ ಗೊತ್ತಿಲ್ಲ. ಗಂಡಸರಂತೂ ಬಾಯಿ ತೆರೆದವರು ಮುಚ್ಚಲಿಲ್ಲ.

“ಹೆಂಗಸಿಗೆ ಗಡ್ಡ ಬರಂಗಿಲ್ಲ,” ಅಂದ ಗೌಡ ಬಾಪುಗೌಡ.

“ಹಂಗಾರ ಇದು ಏನ್ರಿ ಗೌಡ್ರ? ಬೇಕಾದ್ರ ಎಳದು ನೋಡ್ರಿ.”

ಗೌಡ ಎಳೆಯಲಿಲ್ಲ. ಎಲ್ಲರೂ ರಾಚಪ್ಪನನ್ನು ನೋಡಿದರು. ರಾಚಪ್ಪ ಬೆವರಿದ. ಕಣ್ಣೆದುರಿಗೆ ನೇತಾಡುವ ಹನಿಯನ್ನು ಇಲ್ಲ ಅಂದರೆ, ಅವನು ಇದುವರೆಗೆ ಹೌದು ಅಂದ ಗಡ್ಡಗಳ ಗತಿ ಏನು? ಕಟ್ಟೆಯ ಮೇಲಿದ್ದವರಲ್ಲಿ ಕೆಲವರ ಹನಿ ಅವನು ನೋಡುವ ಮೊದಲೇ ಬಿದ್ದಿತ್ತು. ಅದು ಅವನಿಗೂ ಗೊತ್ತು, ಅವರಿಗೂ ಗೊತ್ತು.

“ನಿಂತಿತು,” ಅಂದ ರಾಚಪ್ಪ, ನೆಲ ನೋಡುತ್ತ.

ಹೊಳೆವ್ವ ಹತ್ತಿದಳು. ಮೊಣಕಾಲು ಲಟಕ್ ಅಂದದ್ದು ಹೊಳೆಯಾಚೆಗೂ ಕೇಳಿಸಿತಂತೆ. ಗದಿಗೆಪ್ಪ ಅವಳ ಪಕ್ಕದಿಂದ ಹಾವು ಕಂಡವನ ಹಾಗೆ ಸರಿದ. ಹರಿಗೋಲು ಕೊಡುವುದಿಲ್ಲ ಎಂದು ಅವಳು ಹೇಳಿದಳು. ಒಬ್ಬಳ ಮಾತು ನಡೆಯುವುದಿಲ್ಲ, ನಾವು ಇಷ್ಟು ಜನ ಇದ್ದೇವೆ ಎಂದು ಗೌಡ ಹೇಳಿದ. ಕಟ್ಟೆಯಲ್ಲಿ ಎಲ್ಲರಿಗಿಂತ ಹಿರಿಯ ಗಡ್ಡದ ಮಾತೇ ಕೊನೆಯ ಮಾತು, ಆ ಗಡ್ಡ ಸದ್ಯಕ್ಕೆ ತನ್ನದು ಎಂದೂ ಹೇಳಿದ. ಅದು ಖರೆಯೇ. ಹತ್ತಿದ್ದಷ್ಟೇ ಬಂತು, ಹರಿಗೋಲು ಹೋಯಿತು ಎಂದು ಅವಳು ಹೊಳೆಯ ಕಡೆ ನೋಡಿದಳಂತೆ.

ಆಗ ಕೆಳಗಿನ ಹೆಂಗಸರ ಗುಂಪು ಸರಿಯಿತು. ನಡುವಿನಿಂದ ಗೌಡನ ತಾಯಿ ನೀಲಗಂಗವ್ವ ಕೋಲೂರಿಕೊಂಡು ಬಂದಳು. ಮಹಾ ಮರ್ಯಾದಸ್ಥೆ ಎಂದು ಅವಳ ಹೆಸರು. ಮಗನೆದುರಿಗೂ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡೇ ಇರುತ್ತಿದ್ದಳು. ಸೊಸೆಯಂದಿರಿಗೆಲ್ಲ ಅವಳನ್ನು ತೋರಿಸಿ, ನೋಡಿ ಕಲಿಯಿರಿ ಅನ್ನುತ್ತಿದ್ದರು.

ನೀಲಗಂಗವ್ವ ಮುಖದ ಸೆರಗು ತೆಗೆದಳು.

ಊರಲ್ಲಿ ಅಷ್ಟು ಒಳ್ಳೆಯ ಗಡ್ಡ ಯಾವ ಗಂಡಸಿಗೂ ಇರಲಿಲ್ಲ ಅನ್ನುತ್ತಾರೆ. ಬೆಳ್ಳಗೆ, ಮೆತ್ತಗೆ, ಎಣ್ಣೆ ಹಚ್ಚಿ ಬಾಚಿದ ಹಾಗೆ. ಮಜ್ಜಿಗೆ ಕೊಟ್ಟರು. ಹನಿಯಲ್ಲ, ಅರ್ಧ ಬಟ್ಟಲೇ ನಿಂತಿತು. ರಾಚಪ್ಪನನ್ನು ಯಾರೂ ಕೇಳಲೂ ಇಲ್ಲ.

ಗಂಡಸರು ಬೆಚ್ಚಿದರು, ಅದು ದೊಡ್ಡದಲ್ಲ. ನಿಜವಾಗಿ ಬೆಚ್ಚಿದ್ದು ಹೆಂಗಸರು. ಒಬ್ಬಳು ತನ್ನ ಗದ್ದ ಮುಟ್ಟಿಕೊಂಡಳು. ಅವಳನ್ನು ನೋಡಿ ಪಕ್ಕದವಳು ಮುಟ್ಟಿಕೊಂಡಳು. ಮನೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕಿತ್ತದ್ದೇ ಕಿತ್ತದ್ದು, ತನಗೊಬ್ಬಳಿಗೇ ಈ ಶಾಪ ಎಂದು ಅತ್ತದ್ದೇ ಅತ್ತದ್ದು. ಅತ್ತೆ ಸೊಸೆಗೆ ಹೇಳಿರಲಿಲ್ಲ, ಅಕ್ಕ ತಂಗಿಗೆ ಹೇಳಿರಲಿಲ್ಲ. ಮೊಸಳೆ ಮಾತಾಡಿತು ಎಂದರೆ ನಂಬುತ್ತಿದ್ದ ಊರಿಗೆ ಇದು ಗೊತ್ತಿರಲಿಲ್ಲ.

“ನಿನಗೂ ಏನ ಬೇ?” ಎಂದು ಹಿಂದೆ ಯಾರೋ ಕೇಳಿದರು.

“ಹತ್ತು ವರ್ಷ ಆತು. ನಿನಗ?”

“ನನಗ ಮೀಸಿನೂ ಐತಿ.”

ಅಷ್ಟರಲ್ಲಿ ನೀಲಗಂಗವ್ವ ಕಟ್ಟೆ ಹತ್ತಿ ಮಗನ ಎದುರು ನಿಂತಿದ್ದಳು. ಬಾಪುಗೌಡ ಜೀವಮಾನದಲ್ಲಿ ಮೊದಲ ಸಲ ತಾಯಿಯ ಪೂರ್ತಿ ಮುಖ ನೋಡುತ್ತಿದ್ದ.

“ಹರಿಗೋಲು ಹೊಳೆವ್ವಂದು,” ಅಂದಳು ಅವಳು. “ಅಕಿ ಕೈ ಸೋತಾಗ ಅಕೀನ ಹೇಳ್ತಾಳ. ನೀ ಅತ್ತಾಗ ಸರಿಯೋ, ಬಾಪು. ನನಗ ಕುಂದರಾಕ ಜಾಗ ಬೇಕು.”

ಗೌಡ ಸರಿದ. ಹಿರಿಯ ಗಡ್ಡದ ಮಾತು.

ಹೊಳೆವ್ವ ಆ ಮಧ್ಯಾಹ್ನವೇ ಸಂತೆಯವರನ್ನು ದಾಟಿಸಿದಳು. ಗದಿಗೆಪ್ಪನೂ ಅದರಲ್ಲಿ ಇದ್ದ, ನಡುವೆ ಕೂತು, ಪಂಚೆ ಎತ್ತಿಕೊಂಡು. ಆಮೇಲೆ ಎಷ್ಟೋ ವರ್ಷ ಹುಟ್ಟು ಹಾಕಿದಳು. ಕೊನೆಗೆ ಗಡ್ಡವನ್ನೇ ಹಾಯಿ ಮಾಡಿಕೊಂಡು ಸಮುದ್ರಕ್ಕೆ ಹೊರಟುಹೋದಳು ಅನ್ನುತ್ತಾರೆ. ಇಲ್ಲ. ಒಂದು ದಿನ ಕೈ ಸೋತಿತು ಎಂದು ಅವಳೇ ಹೇಳಿದಳು, ತಮ್ಮನ ಮಗಳಿಗೆ ಹುಟ್ಟು ಕೊಟ್ಟಳು, ಮನೆಯಲ್ಲಿ ಮಲಗಿದ್ದಲ್ಲಿ ಸತ್ತಳು.

ಕರಿಮಡುವಿಗೆ ಮದುವೆಯಾಗಿ ಬರುವ ಹೆಣ್ಣುಮಕ್ಕಳು ಇವತ್ತಿಗೂ ಬೆಚ್ಚುತ್ತಾರೆ. ಹೊಸ್ತಿಲು ದಾಟಿದ ಸೊಸೆ ಎಲ್ಲ ಊರುಗಳಲ್ಲಿ ಅತ್ತೆಯ ಕಾಲು ಮುಟ್ಟಿದರೆ, ಇಲ್ಲಿ ಗದ್ದ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಳ್ಳಬೇಕು. ಸೊಸೆಯ ಕೈಗೆ ಕೂದಲು ಸಿಕ್ಕರೆ ಮನೆಯವರೆಲ್ಲ ನಗುತ್ತಾರೆ, ಊಟಕ್ಕೆ ಎಲೆ ಹಾಕುತ್ತಾರೆ. ಅತ್ತೆ ಇನ್ನೂ ಸಣ್ಣ ವಯಸ್ಸಿನವಳಾಗಿ ಏನೂ ಸಿಗದಿದ್ದರೆ, ಅವಳು ನಾಚಿಕೊಂಡು ಸೊಸೆಯ ಬೆನ್ನು ಸವರಿ ಹೇಳುತ್ತಾಳೆ:

“ಇನ್ನೂ ಬಂದಿಲ್ಲವ್ವಾ. ಒಂದೀಟು ತಡಿ.”