ಸವುಳುಕೆರೆಯ ಜನಗಣತಿ

"ಕೇಳಿರಪ್ಪೋ ಕೇಳಿ! ರಾಜ್ಯದ ಜನಗಣತಿ ಮುಗಿದಿದೆ. ಒಂದು ಊರಿನ ಲೆಕ್ಕ ಮಾತ್ರ ಒಗಟಾಗಿ ಉಳಿದಿದೆ. ಆ ಊರಿನ ಮೂರು ಒಗಟುಗಳನ್ನು ತುಂಬಿದ ಸಭೆಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಬಿಡಿಸಿದವನಿಗೆ ರಾಜಕುಮಾರಿ ಬಾಚಲೆಯನ್ನು ಕೊಟ್ಟು ಮದುವೆ ಮಾಡಲಾಗುವುದು. ತಪ್ಪಿದವನ ತಲೆ ಹೋಗುವುದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಆ ಊರಿನವರು ಅರಮನೆಗೆ ಸುಳ್ಳು ಹೇಳಿದರೆಂದು ತಿಳಿದು ಊರನ್ನೇ ಎತ್ತಂಗಡಿ ಮಾಡಲಾಗುವುದು!"

ಹೀಗೆ ಡಂಗುರ ಹೊಡೆಸಿದವನು ರಾಜ ಧರಣೀಧರ. ಗಣತಿ ಮಾಡಿಸಿದವಳು ಮಾತ್ರ ಅವನ ಮಗಳು ಬಾಚಲೆ. ತನ್ನ ಜನ ಎಷ್ಟಿದ್ದಾರೆ, ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯದೆ ತಾನು ಪಟ್ಟವೇರುವುದಿಲ್ಲವೆಂದು ಆಕೆ ಹಟ ಹಿಡಿದಿದ್ದಳು. ಆದರೆ ಆ ಒಂದು ಊರಿನಿಂದ ಬಂದ ಉತ್ತರಗಳನ್ನು ಕೇಳಿ ರಾಜನಿಗೆ ಪಿತ್ತ ನೆತ್ತಿಗೇರಿತ್ತು. ತಮಗೆ ಅರ್ಥವಾಗದ್ದೆಲ್ಲ ಗೇಲಿಯೆಂದು ರಾಜರಿಗೆ ಅನಿಸುವುದು ಹೊಸದೇನಲ್ಲ.

ಸಭೆ ಸೇರಿತು. ಬಾಚಲೆ ಊರಿನ ಹೆಸರು ಹೇಳದೆ ಮೊದಲ ಒಗಟು ಒಡ್ಡಿದಳು. "ಒಂದೇ ಸೂರು, ಒಂದೇ ಬಾಗಿಲು, ನಡುವೆ ಗೋಡೆಯಿಲ್ಲ. ಆದರೂ ಒಳಗಿರುವವರು ನಮ್ಮದು ಮೂರು ಮನೆ ಎನ್ನುತ್ತಾರೆ. ಆ ಮೂರನ್ನು ಬೇರೆ ಮಾಡಿದ್ದು ಯಾವುದು?"

ಕಡಲನಾಡಿನ ರಾಜಕುಮಾರ ಮೀಸೆ ತಿರುವುತ್ತ, "ಹೊಟ್ಟೆಕಿಚ್ಚು" ಎಂದ. ಅವನನ್ನು ಸೆರೆಮನೆಗೆ ಕರೆದೊಯ್ದರು. ಅವನ ಹಿಂದಿದ್ದ ಮಂತ್ರಿಯ ಮಗ ನಿಜಕ್ಕೂ ಜಾಣ. "ಒಲೆ" ಎಂದು ಸರಿಯಾಗಿಯೇ ಹೇಳಿದ. ಸಭೆಯೆಲ್ಲ ಭಲೇ ಎಂದಿತು.

ಬಾಚಲೆ ಎರಡನೆಯದನ್ನು ಕೇಳಿದಳು. "ಆ ಊರಿನ ಮನೆಮನೆಯಲ್ಲೂ ಒಬ್ಬನಿದ್ದಾನೆ. ಅವನಿಗೆ ದಿನವೂ ತಟ್ಟೆ ಇಟ್ಟು ಮುದ್ದೆ ಬಡಿಸುತ್ತಾರೆ. ಗಣತಿಯವರು ಎಷ್ಟು ಸಲ ಹೋದರೂ ಅವನನ್ನು ಕಂಡಿಲ್ಲ. ಯಾರವನು?"

"ಸತ್ತ ಹಿರಿಯ. ಅವನಿಗೆ ಎಡೆ ಇಡುತ್ತಾರೆ" ಎಂದ ಮಂತ್ರಿಯ ಮಗ. "ಅಲ್ಲ, ಅವನು ಬದುಕಿದ್ದಾನೆಂದೇ ಊರಿನವರು ಬರೆಸಿದ್ದಾರೆ" ಎಂದಳು ಬಾಚಲೆ. ಅವನೂ ಸೆರೆಮನೆ ಸೇರಿದ. ಮಂತ್ರಿ ಉತ್ತರೀಯದಿಂದ ಮುಖ ಮುಚ್ಚಿಕೊಂಡ. ಆಮೇಲೆ ಮುಂದೆ ಬರುವ ಧೈರ್ಯ ಯಾರಿಗೂ ಇರಲಿಲ್ಲ.

ಸಭೆಯ ತುದಿಯಲ್ಲಿ ಚಾಪೆ ಹೆಣೆಯುವ ಸಣ್ಣೀರ ನಿಂತಿದ್ದ. ಸವುಳುಕೆರೆಯವನು. ಬಸುರಿ ತಂಗಿ ತಿಪ್ಪಕ್ಕನ ಜತೆ ಪೇಟೆಗೆ ಚಾಪೆ ಮಾರಲು ಬಂದವನು ಒಗಟು ಕೇಳಲು ಅವಳೊಡನೆ ಒಳಗೆ ನುಸುಳಿದ್ದ. ಕೇಳಿದ ಮೇಲೆ ಅವನಿಗೆ ತಿಳಿಯಿತು. ಎತ್ತಂಗಡಿಯಾಗಲಿರುವುದು ತನ್ನದೇ ಊರು!

"ನಾನು ಹೇಳ್ತೀನಿ ಬುದ್ಧಿ" ಎಂದು ಅವನು ಮುಂದೆ ಬಂದ. "ಒಲೆ ಅಂದಿದ್ದು ಸರಿ. ನಮ್ಮ ಕೆರೆ ನೀರು ಸವುಳು, ಹೊಲಕ್ಕೆಲ್ಲ ಉಪ್ಪು ಹತ್ತೈತೆ. ಬೆಳೆ ಬರಲ್ಲ. ಅಣ್ಣತಮ್ಮಂದಿರು ಬೇರೆಯಾದ್ರೂ ಇನ್ನೊಂದು ಮನೆ ಕಟ್ಟಾಕೆ ಕೈಲಾಗಲ್ಲ. ಒಲೆ ಮಾತ್ರ ಬೇರೆ ಮಾಡ್ಕಂತಾರೆ. ಎರಡನೇದು, ಅವನು ಮಗ. ಮನೆಗೊಬ್ಬರಂಗೆ ಗಂಡುಮಕ್ಕಳು ದೂರದ ಕಲ್ಲುಗಣಿಗೆ ದುಡಿಯಾಕೆ ಹೋಗವ್ರೆ. ತಟ್ಟೆ ಇಡೋದು ಬಿಟ್ರೆ ಮಗ ಮನೆ ಮರೀತಾನೆ ಅಂತ ತಾಯಿಗೆ ಭಯ. ಆ ಮುದ್ದೆ ಕೊನೆಗೆ ಅವ್ಳೇ ಉಣ್ತಾಳೆ. ಗಣತಿಯೋರು ಕೇಳಿದ್ರೆ ಮಗ ಮನೇಲೇ ಅವ್ನೆ ಅಂತಾಳೆ."

ಬಾಚಲೆಯ ಮುಖ ಅರಳಿತು. "ಇನ್ನೊಂದಿದೆ" ಎಂದಳು. "ಆ ಊರಿನ ಮಕ್ಕಳ ಹೆಸರೆಲ್ಲ ತಿಪ್ಪ, ಕಲ್ಲ, ಗುಡ್ಡ, ಹುಚ್ಚಿ. ಹೆತ್ತವಳು ಮಗುವನ್ನು ಕಸವೆಂಬಂತೆ ಕೂಗುತ್ತಾಳೆ, ಮರುಗಳಿಗೆ ಎದೆಗೆ ಅವುಚಿಕೊಳ್ಳುತ್ತಾಳೆ. ಯಾರಿಗೆ ಹೆದರಿ?"

ಸಣ್ಣೀರ ಬಾಯಿ ತೆರೆದವನು ಹಾಗೇ ಮುಚ್ಚಿದ. ಉತ್ತರ ಅವನಿಗೆ ಗೊತ್ತಿತ್ತು. ಆದರೆ ಅದನ್ನು ಗಟ್ಟಿಯಾಗಿ ಹೇಳಬಾರದೆಂಬುದು ಸವುಳುಕೆರೆಯ ಕಟ್ಟುಪಾಡು. ಹೇಳಿದರೆ ಯಾರನ್ನು ನಂಬಿಸಿ ಇಷ್ಟು ದಿನ ದೂರ ಇಟ್ಟಿದ್ದರೋ ಅವನಿಗೇ ಗುಟ್ಟು ತಿಳಿಯುತ್ತದೆ, ಅಂಥ ಹೆಸರಿನವರು ಉಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅಂಥದೇ ಹೆಸರಿನ ತಂಗಿ ಹಿಂದೆ ಜನರ ನಡುವೆ ನಿಂತಿದ್ದಳು.

"ರಾಜಕುಮಾರಿಯೋರ ಕಿವೀಲಿ ಹೇಳ್ಲಾ ಬುದ್ಧಿ?" ಎಂದು ಬೇಡಿಕೊಂಡ.

"ಸಭೆಗೆ ಕೇಳಬೇಕು. ಇಲ್ಲವಾದರೆ ತಲೆ ಕೊಡು" ಎಂದ ರಾಜ. ಸಣ್ಣೀರ ತಂಗಿಯತ್ತ ನೋಡಿದ, ತಲೆ ಕೊಡಲು ಕತ್ತು ಬಗ್ಗಿಸಿದ.

ತಿಪ್ಪಕ್ಕ ಜನರನ್ನು ಸರಿಸಿಕೊಂಡು ಬಂದಳು. "ಹೇಳಣ್ಣ. ನಂಗಿಂತ ಮುಂಚೆ ಅವ್ವ ಮೂರು ಕೂಸು ಮಣ್ಣು ಮಾಡಿದ್ಲು. ಆವಾಗ್ಲೂ ಯಾರೂ ಬಾಯಿ ಬಿಡ್ಲಿಲ್ಲ. ಬಾಯಿ ಮುಚ್ಕಂಡು ಯಾವ ಕೂಸು ಉಳೀತು? ನೀನು ಹೇಳು."

ಸಣ್ಣೀರ ತಲೆ ಎತ್ತಿದ. "ಸಾವಿಗೆ ಹೆದರಿ, ತಾಯಿ" ಎಂದ. ಸಭೆಗೆಲ್ಲ ಕೇಳಿಸಿತು. "ಆ ನೀರು ಕುಡಿದು ನಮ್ಮ ಕೂಸುಗಳು ಉಳಿಯಲ್ಲ. ಅದಕ್ಕೇ ಹುಟ್ಟಿದ ಕೂಡ್ಲೇ ತಿಪ್ಪೆ ಮ್ಯಾಲೆ ಉರುಳಾಡ್ಸಿ ಎತ್ಕಂಡು, ಕೆಟ್ಟ ಹೆಸರು ಇಡ್ತಾರೆ. ಇದು ಯಾರಿಗೂ ಬ್ಯಾಡವಾದ ಕೂಸು ಅಂದ್ಕಂಡು ಸಾವು ಮುಂದಕ್ಕೆ ಹೋಗ್ಲಿ ಅಂತ."

ರಾಜನ ಸಿಟ್ಟು ಇಳಿದುಹೋಯಿತು. "ಎಷ್ಟು ಮಕ್ಕಳು ಹೋಗಿವೆ?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ಲ ಬುದ್ಧಿ. ಗಣತಿಯೋರು ಇದ್ದೋರನ್ನ ಮಾತ್ರ ಕೇಳಿದ್ರು."

"ಹೋದವರ ಲೆಕ್ಕ ಕೇಳಿರೆಂದು ನಾನು ಹೇಳಲೇ ಇಲ್ಲ" ಎಂದಳು ಬಾಚಲೆ. ಅಷ್ಟು ಜನರೆದುರು ಅತ್ತುಬಿಟ್ಟಳು, ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ.

ಊರು ಉಳಿಯಿತು. ಸಣ್ಣೀರ ಕೇಳಿಕೊಂಡದ್ದರಿಂದ ಸೆರೆಯಲ್ಲಿದ್ದವರ ತಲೆಗಳೂ ಉಳಿದವು. ಮದುವೆಯ ಮಾತು ಬಂದಾಗ ಅವನು, "ನಮ್ಮಲ್ಲಿ ಸೊಸೆಯಾಗೋಳು ಮೊದ್ಲು ಗಂಡನ ಊರಿನ ನೀರು ಕುಡೀಬೇಕು" ಎಂದ. ಬಾಚಲೆ ಸವುಳುಕೆರೆಗೆ ಹೋಗಿ ಒಂದು ಚೆಂಬು ನೀರು ಕುಡಿದಳು. ಅರ್ಧಕ್ಕೇ ಹೊಟ್ಟೆ ತೊಳಸಿತು, ಬಿಡದೆ ಪೂರ್ತಿ ಕುಡಿದಳು. ಮಾರನೆಯ ದಿನವೇ ಹೊಳೆಯಿಂದ ಸಿಹಿನೀರಿನ ಕಾಲುವೆ ತೋಡಲು ಅಪ್ಪಣೆಯಾಯಿತು. ಕೂಲಿ ಊರಲ್ಲೇ ಸಿಕ್ಕಿದ್ದರಿಂದ ಗಣಿಗೆ ಹೋದ ಗಂಡುಮಕ್ಕಳು ಹಿಂದಿರುಗಿ ತಮ್ಮ ತಮ್ಮ ತಟ್ಟೆಯ ಮುಂದೆ ಕೂತರು. ನೀರು ಬಂದ ಮೇಲೆಯೇ ಮದುವೆ ನಡೆಯಿತು.

ಅದೇ ತಿಂಗಳು ತಿಪ್ಪಕ್ಕ ಹೆಣ್ಣುಮಗು ಹೆತ್ತಳು. ಸೂಲಗಿತ್ತಿ ಅಜ್ಜಿ ವಾಡಿಕೆಯಂತೆ ಕೂಸನ್ನು ತಿಪ್ಪೆಗೆ ಒಯ್ಯಲು ಕೈ ಚಾಚಿದಳು. ತಿಪ್ಪಕ್ಕ ಕೊಡಲಿಲ್ಲ. ಬಾಣಂತಿ ಎದ್ದು, ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದಳು. ಕೂಸನ್ನು ಬೀದಿಗೆ ಕಾಣುವಂತೆ ಎತ್ತಿ ಹಿಡಿದು, ಸಾವಿಗೂ ಕೇಳಿಸಲಿ ಎಂಬಷ್ಟು ಗಟ್ಟಿಯಾಗಿ ಕೂಗಿದಳು:

"ಇವ್ಳು ನನ್ನ ಮಗಳು, ಹೊನ್ನಮ್ಮ!"