ಏನೂ ಹರಕತ್ ಇಲ್ಲ

ಭೀಮಾ ನದಿಯ ದಂಡೆಯ ಮದರಸಾದಲ್ಲಿ ಮುದಿ ಉಸ್ತಾದ್ ಜಹೀರುದ್ದೀನರು ಚಲನೆಯ ಪಾಠ ಮುಗಿಸಿ ಗೋಡೆಗೆ ಒರಗಿದರು. ಈ ಪಾಠ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಚಲನೆ ಇದೆಯೋ ಇಲ್ಲವೋ, ಮೊಣಕಾಲಿನ ನೋವಂತೂ ಇತ್ತು.

ಎಲ್ಲರೂ ಹೋದರು. ಶಿಷ್ಯ ದಸ್ತಗೀರ ಮಾತ್ರ ಕೂತೇ ಇದ್ದ.

"ಉಸ್ತಾದ್, ನಡದ ದಾರಿ ಈಗಿಲ್ಲ. ನಡೀಬೇಕಾದ ದಾರಿ ಇನ್ನೂ ಇಲ್ಲ. ಈ ಕ್ಷಣದಾಗ ಕಾಲು ಒಂದ ಕಡೆ ಇರತೈತಿ. ಹಂಗಾದ್ರ ಚಲನೆ ಅನ್ನೋದು ಎಲ್ಲೈತ್ರಿ?"

"ಇದನ್ನ ಕೇಳಾಕ ಅಳಬೇಕೇನು ತಮ್ಮಾ? ಏನಾತು ಹೇಳು."

"ನಮ್ಮಪ್ಪ ಹೋದನ್ರಿ."

"ಯಾರು ಹೇಳಿದ್ರು?"

"ಹಾಸಿಗಿ ಹಿಡದಾನಂತ ಸುದ್ದಿ ಬಂದಿತ್ತು. 'ಬರಲೇನು' ಅಂತ ಹೇಳಿ ಕಳಿಸಿದ್ದೆ. ಇವತ್ತ ನಮ್ಮೂರಾಂವ ಒಬ್ಬ ದೋಣಿಯಾಗಿಂದ ಕೂಗಿ ಹೇಳಿದ, 'ನಿಮ್ಮಪ್ಪಂದು ಏನೂ ಹರಕತ್ ಇಲ್ಲ' ಅಂತ. ಮತ್ತೊಮ್ಮೆ ಕೇಳೂದ್ರಾಗ ದೋಣಿ ದೂರ ಹೋತು."

ಅರಬ್ಬಿಯಲ್ಲಿ ಹರಕತ್ ಎಂದರೆ ಚಲನೆ. ದಸ್ತಗೀರನ ತಲೆಯಲ್ಲಿ ಈಗ ಅದೊಂದೇ ಅರ್ಥ ಉಳಿದಿತ್ತು. ಓದು ಜಾಸ್ತಿಯಾದರೆ ಹೀಗೂ ಆಗುತ್ತದೆ.

ಉಸ್ತಾದರು ಹಣೆ ಒತ್ತಿಕೊಂಡರು. "ನಿಮ್ಮಪ್ಪ ಅರಬ್ಬಿ ಓದ್ಯಾನೇನು?"

"ಇಲ್ರಿ. ಪಿಂಜಾರ. ಅರಳಿ ಹಿಂಜಾಂವ."

"ನೀ ಇಲ್ಲಿಗೆ ಬರೂಮುಂದ ಏನಂದಿದ್ದ?"

"ಓದಾಕ ಹೋದ್ರ ತಿರುಗಿ ನನ್ನ ಹೊಸ್ತಿಲಾ ತುಳೀಬ್ಯಾಡ ಅಂದಿದ್ದ."

"ನಿಮ್ಮ ಓಣ್ಯಾಗ ಹೆಣ್ಣು ಕೇಳಾಕ ಬಂದವ್ರಿಗೆ ಒಪ್ಪಿಗಿ ಹೆಂಗ ಹೇಳ್ತಾರ?"

"ನಮ್ಮದೇನೂ ಹರಕತ್ ಇಲ್ಲ..."

ಅವನ ಮನೆಯ ಕನ್ನಡದಲ್ಲಿ ಹರಕತ್ ಎಂದರೆ ಅಡ್ಡಿ. ಅಪ್ಪ ಸತ್ತಿರಲಿಲ್ಲ. ಬಾ ಎಂದಿದ್ದ, ಅಷ್ಟೆ. ದಸ್ತಗೀರ ನಕ್ಕ, ನಗುತ್ತಲೇ ಮತ್ತೆ ಅತ್ತ.

ಆದರೂ ಏಳಲಿಲ್ಲ.

"ಊರು ಭಾಳ ದೂರ ಐತ್ರಿ. ನಾ ಮುಟ್ಟೂದ್ರಾಗ ಅಪ್ಪ ಹೋಗಿಬಿಟ್ರ? ಮುಟ್ಟದ ನಡಿಗಿ ನಡಿಗಿ ಹೆಂಗಾದೀತು?"

ಅವನು ಮೆಟ್ಟಿಕೊಂಡು ಹೋಗಲೆಂದು ಉಸ್ತಾದರು ತಮ್ಮ ಕೆರಗಳನ್ನು ಅವನ ಕಡೆ ಸರಿಸಿದರು.

"ಅಲ್ಲಿ ನಿಮ್ಮಪ್ಪ ಕೇಳಿದವರಿಗೆಲ್ಲ 'ಮಗ ಬರಾಕತ್ತಾನ' ಅಂತ ಹೇಳಾಕತ್ತಿರಬೇಕು. ಏಳು ತಮ್ಮಾ, ಆ ಮಾತು ಸುಳ್ಳಾಗೂದು ಬ್ಯಾಡ."