ಎಷ್ಟು ಮಂದಿಗೆ ಅಕ್ಕಿ?

ಹೊಳೆದಂಡೆಯ ಆ ಆಶ್ರಮದಲ್ಲಿ ಗುರು ಮರುಳಯ್ಯನವರ ಮಾತಿಗಿಂತ ಅಡುಗೆಯ ನೀಲವ್ವನ ಮಾತೇ ಹೆಚ್ಚು ನಡೆಯುತ್ತಿತ್ತು. ಹೊಟ್ಟೆಯ ವಿಷಯ, ನಡೆಯಲೇಬೇಕಲ್ಲ.

ಒಂದು ದಿನ ಅವಳು ಸೌಟು ಕೆಳಗಿಟ್ಟಳು.

"ಭಾನುವಾರ ಊಟಕ್ಕೆ ಎಷ್ಟು ಮಂದಿ ಬರ್ತಾರೆ ಅಂತ ಶನಿವಾರವೇ ಗೊತ್ತಾಗಬೇಕು. ಇಲ್ಲಾಂದ್ರೆ ನಾನು ಮಗಳ ಮನೆಗೆ ಹೋಗ್ತೀನಿ."

ಶಿಷ್ಯ ಷಡಕ್ಷರಿ ಹೆದರಿದ. ಅವಳು ಹೋದರೆ ಒಲೆ ಅವನ ಪಾಲಿಗೆ ಬರುತ್ತದೆ. ಅವನು ಒಮ್ಮೆ ಮಾಡಿದ್ದ ಉಪ್ಪಿಟ್ಟನ್ನು ಆಶ್ರಮದ ಹಸುವೂ ಮೂಸಿ ಬಿಟ್ಟಿತ್ತು.

ಗುರುಗಳ ಬಳಿ ಓಡಿದ.

"ಗುರುಗಳೇ, ಕಂಪ್ಯೂಟರಿನಲ್ಲಿ ಎರಡು ಉಪಾಯ ಇವೆ. ಒಂದರಲ್ಲಿ ಚಿತ್ರಗಳನ್ನು ಎಳೆದು ಜೋಡಿಸಿದರೆ ಸಾಕು, ಆಶ್ರಮಕ್ಕೊಂದು ವೆಬ್‌ಸೈಟ್ ಎದ್ದು ನಿಲ್ಲುತ್ತದೆ. ಇನ್ನೊಂದಕ್ಕೆ ಒಮ್ಮೆ ಕಲಿಸಿಬಿಟ್ಟರೆ, ಬಂದ ಮೆಸೇಜಿಗೆಲ್ಲ ತಾನೇ ಉತ್ತರ ಕೊಟ್ಟು, ಎಣಿಸಿ, ಅಡುಗೆಮನೆಗೆ ತಿಳಿಸುತ್ತದೆ. ಯಾವುದನ್ನು ಕಲಿಯಲಿ?"

"ನೀಲವ್ವನನ್ನು ಕೇಳು."

"ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲವಲ್ಲ."

"ನಿನಗೆ ಅಡುಗೆ ಗೊತ್ತಿಲ್ಲವಲ್ಲ."

ಷಡಕ್ಷರಿ ಕೇಳಲಿಲ್ಲ. ಹೋಗಿ ಹೋಗಿ ಅಡುಗೆಯವಳನ್ನು ಕೇಳುವುದೇ? ವೆಬ್‌ಸೈಟ್ ಕಟ್ಟಿದ. ಚಿತ್ರದಲ್ಲಿ ಕೆಂಪು ಹೊಳೆಗೆ ನೀಲಿ ಬಳಿದ, ಗುರುಗಳನ್ನು ತುಸು ಬೆಳ್ಳಗೆ ಮಾಡಿದ. ಶನಿವಾರ ಜಂಬದಿಂದ ಹೇಳಿದ, "ನಾನೂರು ಮಂದಿ ನೋಡಿದಾರೆ, ಅವ್ವ."

ನೀಲವ್ವ ನಾನೂರು ಮಂದಿಗೆ ಅಕ್ಕಿ ಹಾಕಿದಳು. ಬಂದವರು ಹನ್ನೊಂದು ಮಂದಿ. ಆಶ್ರಮವೆಲ್ಲ ಎರಡು ದಿನ ಚಿತ್ರಾನ್ನ ತಿಂದಿತು.

ಮುಂದಿನ ವಾರ ಎರಡನೆಯ ಉಪಾಯ. ಆಶ್ರಮದ ನಂಬರಿಗೆ ಮೆಸೇಜ್ ಬಂದರೆ ಸಾಕು, "ಸಂತೋಷ. ನಿಮ್ಮ ಊಟ ಸಿದ್ಧ" ಎಂದು ಉತ್ತರ ಹೋಗುತ್ತಿತ್ತು, ಲೆಕ್ಕಕ್ಕೆ ಒಂದು ಎಲೆ ಸೇರುತ್ತಿತ್ತು. ಭಕ್ತರು ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯಕ್ಕೂ ಒಂದೊಂದು ಎಲೆ. ನಾಳೆ ಹಾಲಿಲ್ಲ ಎಂದ ಹಾಲಿನವನಿಗೂ ಒಂದು ಎಲೆ. ಶನಿವಾರ ಮಧ್ಯಾಹ್ನಕ್ಕೆ ಆರುನೂರ ನಲವತ್ತು.

ನೀಲವ್ವ ಸೀರೆಗಳ ಗಂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಗುರುಗಳು ಯಾರದೋ ಫೋನು ಇಸಿದುಕೊಂಡು ಆಶ್ರಮಕ್ಕೇ ಮೆಸೇಜ್ ಹಾಕಿದರು: "ನೀಲವ್ವ ಹೊರಟುಹೋದಳು."

ತಟ್ಟನೆ ಬಂದ ಉತ್ತರವನ್ನು ಷಡಕ್ಷರಿಗೆ ತೋರಿಸಿದರು: "ಸಂತೋಷ. ನಿಮ್ಮ ಊಟ ಸಿದ್ಧ."

ಷಡಕ್ಷರಿಗೆ ನಾಚಿಕೆಯಿಂದ ಅಳುವೇ ಬಂತು. ಬಿದ್ದು ಎದ್ದು ಓಡಿದ. ಪುಣ್ಯಕ್ಕೆ ಬಸ್ಸಿನ್ನೂ ಬಂದಿರಲಿಲ್ಲ.

"ತಪ್ಪಾಯ್ತು ಅವ್ವ. ನಾನೇನು ಮಾಡಬೇಕಿತ್ತು, ನೀನೇ ಹೇಳು."

"ಊಟಕ್ಕೆ ಎಷ್ಟು ಮಂದಿ ಬರ್ತೀರಿ ಅಂತ ಕೇಳಬೇಕಿತ್ತು," ಎಂದಳು ನೀಲವ್ವ. "ಇಷ್ಟು ದಿನದಲ್ಲಿ ನಿನ್ನ ಯಂತ್ರ ಒಬ್ಬರನ್ನಾದ್ರೂ ಕೇಳಿತೇನೋ ತಮ್ಮಾ?"

ಅವಳ ಗಂಟನ್ನು ತಾನೇ ಹೊತ್ತು ವಾಪಸು ಕರೆತಂದ. ಯಂತ್ರಕ್ಕೆ ಆ ಒಂದು ಪ್ರಶ್ನೆ ಕಲಿಸಿದ. ಸಂಜೆ ಹೊತ್ತಿಗೆ ಲೆಕ್ಕ ಸಿಕ್ಕಿತು, ಮೂವತ್ತೆರಡು. ನೀಲವ್ವ ಮೂವತ್ತೈದು ಮಂದಿಗೆ ಅಕ್ಕಿ ಅಳೆದಳು.

ಷಡಕ್ಷರಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಜಂಬವೂ ಮರಳಿತು.

"ಗುರುಗಳೇ, ಇನ್ನು ಮುಂದೆ ಯಾವುದನ್ನು ಕಲಿಯಲಿ?"

ಗುರುಗಳು ಸೌಟು ತಂದು ಅವನ ಕೈಗಿಟ್ಟರು.

"ಉಪ್ಪಿಟ್ಟು."